ಏಗ್ವಾಲ್ ಬೆಟ್ಟದ ನಾಲ್ಕು ಸಾವಿರ ಮೆಟ್ಟಿಲು

ಶನಿವಾರ: ವಾಲ್‌ರೋಗ್

ಗಾಂಜ್ ಎಂಬ ಸಣ್ಣ ಪಟ್ಟಣ ದಾಟುತ್ತಿದ್ದಂತೆ ಬಯಲು ಮುಗಿದು ಎರೋ ನದಿ ರಸ್ತೆಯ ಪಕ್ಕಕ್ಕೆ ಬಂದುಬಿಡುತ್ತದೆ. ಅಲ್ಲಿಂದ ಮುಂದೆ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಕಲ್ಲು ಕಟ್ಟಿ ಎಬ್ಬಿಸಿದ ಮೆಟ್ಟಿಲು ಹೊಲಗಳು. ತುಲೂಜ್‌ನಿಂದ ಮೋಂಪೆಲ್ಯೇಗೆ ರೈಲು, ಅಲ್ಲಿಂದ ಗಾಂಜ್‌ಗೆ ಬಸ್ಸು. ವಾರಾಂತ್ಯದಲ್ಲಿ ಕಣಿವೆಯೊಳಕ್ಕೆ ಬಸ್ಸು ಅಪರೂಪವಾದ್ದರಿಂದ ನಾನು ಉಳಿಯಬೇಕಿದ್ದ ಮನೆಯ ಯಜಮಾನಿಯನ್ನು ಮೊದಲೇ ಕೇಳಿಕೊಂಡಿದ್ದೆ. ಅವರೇ ಕಾರು ತಂದು ಕರೆದುಕೊಂಡು ಹೋದರು.

ದಕ್ಷಿಣ ಫ್ರಾನ್ಸಿನ ಈ ಬೆಟ್ಟಸೀಮೆಗೆ ಸೆವೆನ್ ಎಂದು ಹೆಸರು. 1970ರಿಂದ ರಾಷ್ಟ್ರೀಯ ಉದ್ಯಾನ, 2011ರಿಂದ ಯುನೆಸ್ಕೋ ಪಟ್ಟಿಯಲ್ಲೂ ಇದೆ. ನಾನು ಬಂದದ್ದು ಓಡುವುದಕ್ಕೆ. ಐದು ವರ್ಷದಿಂದ ತುಲೂಜ್‌ನ ಕಾಲುವೆ ದಂಡೆಯ ಸಪಾಟು ದಾರಿಯಲ್ಲಿ ಓಡಿ ಓಡಿ ಕಾಲಿಗೆ ಏರು ಬೇಕೆನಿಸಿತ್ತು. ವಾಲ್‌ರೋಗ್ ಊರಿನಿಂದ 1,565 ಮೀಟರ್ ಎತ್ತರದ ಮೋಂ ಏಗ್ವಾಲ್ ಶಿಖರಕ್ಕೆ ‘ನಾಲ್ಕು ಸಾವಿರ ಮೆಟ್ಟಿಲ ಹಾದಿ’ ಅಂತ ಒಂದಿದೆ, ಒಂದೇ ಏರಿನಲ್ಲಿ ಸುಮಾರು 1,200 ಮೀಟರ್ ಮೇಲೇಳುತ್ತದೆ ಎಂದು ಜೊತೆ ಕೆಲಸ ಮಾಡುವವರೊಬ್ಬರು ಹೇಳಿದ್ದರು. ಅಷ್ಟು ಕೇಳಿದ್ದೇ ಸಾಕಾಗಿತ್ತು.

ಕಾರು ಊರೊಳಗೆ ಬಂದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಬೆಟ್ಟವಲ್ಲ, ಮನೆಗಳು. ಮೂರು ಮಹಡಿಯ ಕಲ್ಲಿನ ಮನೆಗಳು. ಮೇಲಿನ ಮಹಡಿಯಲ್ಲಿ ಮಾತ್ರ ಸಾಲಾಗಿ ಚಿಕ್ಕ ಚಿಕ್ಕ ಕಿಟಕಿ, ಚಾವಣಿಯ ಮೂಲೆಗಳಲ್ಲಿ ಸಣ್ಣ ಹೊಗೆಗೂಡು. ಅಷ್ಟು ಮೇಲೆ ಯಾಕೆ ಒಲೆ ಅಂತ ಕೇಳಿದೆ.

“ಅದು ಮಾನ್ಯಾನ್‌ರಿ,” ಅಂದರು ಯಜಮಾನಿ. “ರೇಷ್ಮೆ ಹುಳ ಸಾಕುತ್ತಿದ್ದ ಮಾಳಿಗೆ. ಹುಳಕ್ಕೆ ಚಳಿ ತಾಗಬಾರದಲ್ಲ.”

ನಾನು ಶಿಡ್ಲಘಟ್ಟ ತಾಲ್ಲೂಕಿನವಳು. ಹುಳದ ಮನೆಯ ಪಕ್ಕದ ಕೋಣೆಯಲ್ಲಿ ಮಲಗಿ ಬೆಳೆದವಳು. ರಾತ್ರಿ ಹುಳ ಸೊಪ್ಪು ತಿನ್ನುವ ಸದ್ದು ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತಿತ್ತು. ಚಳಿಗಾಲದಲ್ಲಿ ಅಪ್ಪ ಹುಳದ ಮನೆಗೆ ಕೆಂಡದ ಬಾಂಡ್ಲಿ ಇಡುತ್ತಿದ್ದರು, ನಮ್ಮ ಕೋಣೆಗೆ ಇಡುತ್ತಿರಲಿಲ್ಲ. ಇಷ್ಟನ್ನು ಯಜಮಾನಿಗೆ ಹೇಳಿದೆ. ಅವರು ಕಾರು ನಿಲ್ಲಿಸಿ ನನ್ನ ಕಡೆ ತಿರುಗಿ, “ಈಗಲೂ ಸಾಕುತ್ತಾರಾ?” ಅಂದರು. ಹೌದು, ನಮ್ಮೂರ ಕಡೆ ಈಗಲೂ.

ಆಮೇಲೆ ಊಟದ ಮೇಜಿನಲ್ಲಿ ಬೇರೆ ಮಾತೇ ಇರಲಿಲ್ಲ. ಇಂಥ ಮನೆಗಳಲ್ಲಿ ರಾತ್ರಿ ಏಳೂವರೆಗೆ ಎಲ್ಲ ಅತಿಥಿಗಳೂ ಒಂದೇ ಉದ್ದ ಮೇಜಿಗೆ ಕೂರುವುದು ರೂಢಿ. ಮಾಂಸ ತಿನ್ನುವುದಿಲ್ಲವೆಂದು ಕೋಣೆ ಕಾಯ್ದಿರಿಸುವಾಗಲೇ ತಿಳಿಸಿದ್ದೆ. ತಿಳಿಸದೆ ಬಂದರೆ ಹಂದಿಮಾಂಸ ಬೀಳದ ಪದಾರ್ಥ ಸಿಗುವುದು ಕಷ್ಟ. ಬಜನಾ ಅಂತ ಒಂದು ಸಾರು ಬಡಿಸಿದರು. ಒಣಗಿಸಿದ ಚೆಸ್ಟ್‌ನಟ್ಟನ್ನು ನೆನೆಹಾಕಿ, ಕರಗುವಷ್ಟು ಹೊತ್ತು ಬೇಯಿಸಿದ್ದು. ತೆಳು ಸಿಹಿ, ಮೆತ್ತಗೆ, ಸ್ವಲ್ಪ ಹೊಗೆಯ ವಾಸನೆ. ಕಾಯನ್ನು ಒಣಗಿಸುವುದಕ್ಕೇ ಕಾಡಿನೊಳಗೆ ‘ಕ್ಲೇಡ್’ ಎಂಬ ಪುಟ್ಟ ಕಲ್ಲುಮನೆಗಳಿದ್ದವಂತೆ. ಕೆಳಗೆ ವಾರಗಟ್ಟಲೆ ಆರದ ಬೆಂಕಿ, ಮೇಲೆ ಅಟ್ಟದ ತುಂಬ ಕಾಯಿ. ಕಡಿದಾದ ಈ ನೆಲದಲ್ಲಿ ಗೋಧಿ ಬೆಳೆಯುವುದು ಕಷ್ಟ. ಹಾಗಾಗಿ ಇಲ್ಲಿನ ಜನ ಚೆಸ್ಟ್‌ನಟ್ಟಿಗೆ ‘ರೊಟ್ಟಿಯ ಮರ’ ಅಂದರು. 1709ರ ಭೀಕರ ಚಳಿಗೆ ಆ ಮರಗಳೇ ಸತ್ತಾಗ ಅವುಗಳ ಜಾಗಕ್ಕೆ ಹಿಪ್ಪುನೇರಳೆ ನೆಟ್ಟರು. ಅದಕ್ಕೆ ‘ಚಿನ್ನದ ಮರ’ ಅಂದರು.

ಭಾನುವಾರ: ಮೇಲಕ್ಕೆ

ಅಕ್ಟೋಬರ್ ನಡುವಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಎಂಟರ ಹೊತ್ತಿಗೆ. ಏಳೂವರೆಗೆ ಹೆಡ್‌ಲ್ಯಾಂಪ್ ಕಟ್ಟಿಕೊಂಡು ಹೊರಟೆ. ಊರಿನ ಕೊನೆಯ ಮನೆ ದಾಟುವ ಮೊದಲೇ ಏರು ಶುರುವಾಗುತ್ತದೆ, ಮೈ ಬಿಸಿಯಾಗಲಿ ಅಂತ ಕಾಯುವುದಿಲ್ಲ. ಮೊದಲ ಅರ್ಧ ಗಂಟೆ ಓಟದ ಆಸೆ ಬಿಟ್ಟು ಕೈಯನ್ನು ತೊಡೆಗೆ ಒತ್ತಿ ನಡೆದೆ. ನಾಲ್ಕು ಸಾವಿರ ಅನ್ನುವುದು ಎಣಿಸಿದ ಲೆಕ್ಕವಲ್ಲ, ಕಟ್ಟಿದ ಮೆಟ್ಟಿಲೂ ಎಲ್ಲ ಕಡೆ ಇಲ್ಲ. ಕಾಲಿಗೆ ಸಿಗುವುದು ಸ್ಲೇಟಿನ ಹಾಗೆ ಪದರು ಪದರಾದ ಶಿಸ್ಟ್ ಕಲ್ಲು. ಒಣಗಿದ್ದರೆ ಹಿಡಿತ ಚೆನ್ನಾಗಿದೆ, ಇಬ್ಬನಿ ಬಿದ್ದಿದ್ದರೆ ಸೋಪಿನ ಹಾಗೆ ಜಾರುತ್ತದೆ. ಅಡಿಗಚ್ಚು ಸವೆದ ಶೂ ಇಲ್ಲಿಗೆ ತರಬಾರದು.

ಬೆಳಕು ಹರಿದಾಗ ಕಾಡೊಳಗಿನ ಗೋಡೆಗಳು ಕಾಣಿಸಿದವು. ಗಾರೆ ಇಲ್ಲದೆ ಜೋಡಿಸಿದ ಕಲ್ಲುಗೋಡೆಗಳು ಒಂದರ ಮೇಲೊಂದು ಬೆಟ್ಟವನ್ನು ಸುತ್ತಿಕೊಂಡು ಹೋಗಿವೆ. ಒಂದು ಕಾಲಕ್ಕೆ ಇವೆಲ್ಲ ಉತ್ತು ಬಿತ್ತಿದ ನೆಲ. ಮಳೆಗೆ ಮಣ್ಣು ಕೊಚ್ಚಿಹೋದರೆ ಹೆಂಗಸರು ಗಂಡಸರು ಬುಟ್ಟಿಯಲ್ಲಿ ಹೊತ್ತು ಮತ್ತೆ ಮೇಲಕ್ಕೆ ತರುತ್ತಿದ್ದರಂತೆ. ಈಗ ಗೋಡೆ ಸೀಳಿಕೊಂಡು ಓಕ್ ಬೆಳೆದಿದೆ. ಮುಳ್ಳುಚೆಂಡಿನಂಥ ಚೆಸ್ಟ್‌ನಟ್ ಕಾಯಿ ದಾರಿಯ ತುಂಬ ಒಡೆದು ಬಿದ್ದಿದ್ದವು. ಯಾರೂ ಆರಿಸದ ಕಾಯಿಯನ್ನು ಕಾಡುಹಂದಿಗಳು ಆರಿಸಿದ್ದವು, ನೆಲವೆಲ್ಲ ನೇಗಿಲು ಹೊಡೆದಂತೆ ಕೆದರಿತ್ತು.

ಹಂದಿ ಇದ್ದ ಕಡೆ ಬೇಟೆಗಾರರೂ ಇರುತ್ತಾರೆ. ಒಂದು ತಿರುವಿನಲ್ಲಿ ಕಿತ್ತಳೆ ಜಾಕೆಟ್ಟಿನ ಇಬ್ಬರು, ಹೆಗಲಲ್ಲಿ ಬಂದೂಕು, ಕಾಲ ಹತ್ತಿರ ಕೊರಳಿಗೆ ಗಂಟೆ ಕಟ್ಟಿದ ನಾಯಿಗಳು. ನನಗೆ ಎದೆ ಧಸಕ್ಕೆಂದಿತು. ಅವರಲ್ಲಿ ಹಿರಿಯರು ಟೋಪಿ ಮುಟ್ಟಿ, “ಬೋಂಜೂರ್ ಮದಾಮ್. ಶಿಖರಕ್ಕೆ ಹೋಗುತ್ತಿದ್ದೀರಾ? ಹೋಗಿ, ಹೋಗಿ. ಆದರೆ ಇಳಿಯುವಾಗ ಈ ಕಣಿವೆಗೆ ಬರಬೇಡಿ. ಇನ್ನೊಂದು ಗಂಟೆಗೆ ನಾಯಿ ಬಿಡುತ್ತೇವೆ,” ಎಂದರು. ನಾನು ತೊಟ್ಟಿದ್ದ ಕಡುನೀಲಿ ಅಂಗಿ ಕಾಡಿನ ನೆರಳಲ್ಲಿ ಕಾಣುವುದೇ ಇಲ್ಲ ಎಂದು ಹೇಳಿ, ತಮ್ಮ ಚೀಲದಿಂದ ಕಿತ್ತಳೆ ಬಟ್ಟೆಯ ಪಟ್ಟಿಯೊಂದನ್ನು ತೆಗೆದು ಕೊಟ್ಟರು. ಅದನ್ನು ಬೆನ್ನ ಚೀಲಕ್ಕೆ ಕಟ್ಟಿಕೊಂಡೆ. ಶರತ್ಕಾಲದ ವಾರಾಂತ್ಯದಲ್ಲಿ ಫ್ರಾನ್ಸಿನ ಕಾಡಿನಲ್ಲಿ ಓಡುವವರು ನೀರಿನ ಬಾಟಲಿಯಷ್ಟೇ ಅಗತ್ಯವಾಗಿ ಎದ್ದು ಕಾಣುವ ಬಣ್ಣವನ್ನೂ ಒಯ್ಯಬೇಕು. ಆ ಪಟ್ಟಿ ಈಗಲೂ ನನ್ನ ಚೀಲದ ಮೇಲಿದೆ.

ಸಾವಿರ ಮೀಟರ್ ದಾಟಿದ ಮೇಲೆ ಏಣಿಯಂಥ ಏರು ಸ್ವಲ್ಪ ಸಡಿಲಾಯಿತು, ಓಡಲು ಬಂತು. ಚೆಸ್ಟ್‌ನಟ್ ಮುಗಿದು ಬೀಚ್ ಮರಗಳು. ಬೂದು ಬಣ್ಣದ ನುಣುಪು ಕಾಂಡ, ಮೇಲೆ ತಾಮ್ರದ ಎಲೆ, ಕೆಳಗೂ ಅದೇ ಎಲೆಯ ಹಾಸು. ಹೆಜ್ಜೆಯ ಸದ್ದೇ ಇಲ್ಲ. ಈ ಮೂರು ಕಿಲೋಮೀಟರ್‌ಗಾಗಿ ನಾನು ಇನ್ನೊಮ್ಮೆ ಆ ಏರನ್ನೆಲ್ಲ ಹತ್ತುತ್ತೇನೆ.

ಇಷ್ಟು ದಟ್ಟ ಕಾಡು ನೂರೈವತ್ತು ವರ್ಷದ ಹಿಂದೆ ಇಲ್ಲಿ ಇರಲಿಲ್ಲ ಎಂದರೆ ನಂಬುವುದು ಕಷ್ಟ. ಕುರಿ ಮೇಯಿಸಿ, ಸೌದೆಗೆ ಕಡಿದು, ಏಗ್ವಾಲ್ ಬೋಳಾಗಿತ್ತು. ಮಳೆ ಬಂದಾಗಲೆಲ್ಲ ಕೆಳಗಿನ ಊರುಗಳಿಗೆ ಮಣ್ಣು ಕಲ್ಲು ನುಗ್ಗುತ್ತಿತ್ತು. 1875ರಿಂದ ಜಾರ್ಜ್ ಫಾಬ್ರ್ ಎಂಬ ಅರಣ್ಯಾಧಿಕಾರಿ ಕುರಿಗಾರರ ವಿರೋಧ ಎದುರಿಸಿ ಮರಗಳನ್ನು ನೆಡಿಸುತ್ತಾ ಬಂದರು. ಯಾವ ಮರ ಈ ಎತ್ತರದಲ್ಲಿ ಬದುಕುತ್ತದೆಂದು ನೋಡಲು ಸಸ್ಯವಿಜ್ಞಾನಿ ಷಾರ್ಲ್ ಫ್ಲಾವೋ ಜೊತೆ ಸೇರಿ ಶಿಖರದ ಕೆಳಗೆ ಒಂದು ಮರದೋಟ ಮಾಡಿದರು. ‘ಲೋರ್ ದ ದ್ಯೂ’, ದೇವರ ತೋಟ ಅಂತ ಅದರ ಹೆಸರು. ಹಾದಿ ಅದರ ಪಕ್ಕದಲ್ಲೇ ಹೋಗುತ್ತದೆ. ಅಲ್ಲಿ ಐದು ನಿಮಿಷ ನಿಂತು ಖರ್ಜೂರ ತಿಂದೆ.

ಶಿಖರ ಮುಟ್ಟಿದಾಗ ಒಂಬತ್ತು ಮುಕ್ಕಾಲು. ಸ್ವಚ್ಛ ದಿನದಲ್ಲಿ ಇಲ್ಲಿಂದ ಒಂದು ಕಡೆ ಮೆಡಿಟರೇನಿಯನ್, ಇನ್ನೊಂದು ಕಡೆ ಆಲ್ಪ್ಸ್, ಮತ್ತೊಂದು ಕಡೆ ಪಿರೆನೀಸ್ ಕಾಣುತ್ತವೆ. ನನಗೆ ಕಂಡದ್ದು ಇಪ್ಪತ್ತು ಹೆಜ್ಜೆ ದೂರದ ಮಂಜು. ಗಾಳಿಗೆ ನೇರ ನಿಲ್ಲಲಾಗುತ್ತಿರಲಿಲ್ಲ. ಹವಾಮಾನ ವೀಕ್ಷಣಾಲಯದ ದಪ್ಪ ಕಲ್ಲುಗೋಡೆಗೆ ಬೆನ್ನು ಕೊಟ್ಟು ಕೂತೆ. 1894ರಲ್ಲಿ ಕೋಟೆಯಂತೆ ಕಟ್ಟಿದ ಈ ಮನೆಯಲ್ಲಿ ಮನುಷ್ಯರು ಇದ್ದು ಮಳೆ ಗಾಳಿ ಅಳೆಯುತ್ತಿದ್ದರು. 2023ರ ಕೊನೆಗೆ ಅವರೂ ಇಳಿದುಹೋದರು, ಈಗ ಅಳೆಯುವುದು ಯಂತ್ರ. ಹೊಸ ಪ್ರದರ್ಶನಾಲಯವೊಂದು ಒಳಗಿದೆ, ಆದರೆ ಬಾಗಿಲು ತೆರೆಯುವ ಹೊತ್ತಾಗಿರಲಿಲ್ಲ, ಒದ್ದೆ ಮೈಯಲ್ಲಿ ಕಾಯುವ ಶಕ್ತಿ ನನಗಿರಲಿಲ್ಲ.

ಏಗ್ವಾಲ್ ಎಂಬ ಹೆಸರಲ್ಲೇ ನೀರಿದೆ, ಇಲ್ಲಿನ ಹಳೆಯ ಆಕ್ಸಿಟಾನ್ ನುಡಿಯಲ್ಲಿ ‘ಐಗ’ ಎಂದರೆ ನೀರು. ಮೆಡಿಟರೇನಿಯನ್ನಿನ ಬೆಚ್ಚನೆ ತೇವಗಾಳಿ ಈ ಬೆಟ್ಟಕ್ಕೆ ಬಡಿದು ಮೇಲೇರಿ ಸುರಿಯುತ್ತದೆ, ನಮ್ಮ ಪಶ್ಚಿಮ ಘಟ್ಟದಲ್ಲಿ ಅರಬ್ಬೀ ಸಮುದ್ರದ ಮೋಡ ಸುರಿಯುವ ಹಾಗೆ. ಘಟ್ಟದಲ್ಲಿ ಮಳೆ ತಿಂಗಳುಗಟ್ಟಲೆ. ಇಲ್ಲಿ ಶರತ್ಕಾಲದ ಒಂದೆರಡು ದಿನದಲ್ಲೇ ಅಷ್ಟೂ. 2020ರ ಸೆಪ್ಟೆಂಬರ್ 19ರಂದು ವಾಲ್‌ರೋಗ್‌ನಲ್ಲಿ ಒಂದೇ ದಿನ 700 ಮಿಲಿಮೀಟರ್ ಮೀರಿ ಬಿತ್ತು. ನಮ್ಮೂರಿಗೆ ಅಷ್ಟು ಬರಬೇಕಾದರೆ ವರ್ಷ ಬೇಕು. ಅದಕ್ಕೇ ಇಲ್ಲಿಗೆ ಬರುವವರು ಪ್ರತಿದಿನ ಬೆಳಗ್ಗೆ ಹವಾಮಾನ ಇಲಾಖೆಯ ಬಣ್ಣದ ನಕ್ಷೆ ನೋಡಿಕೊಳ್ಳಬೇಕು. ಹಳದಿಗೆ ಎಚ್ಚರ, ಕಿತ್ತಳೆ ಬಂದರೆ ಹಳ್ಳ ದಾಟುವ ಯಾವ ಹಾದಿಯೂ ಬೇಡ.

ಬೇಟೆಗಾರರ ಮಾತಿನಂತೆ ಬೇರೆ ದಾರಿ ಹಿಡಿದು, ಕುರಿಗಳು ನಡೆದು ನಡೆದು ಅಗಲವಾದ ‘ಡ್ರಾಯ್’ ದಾರಿಯಲ್ಲಿ ಏರ್ ದ ಕೋತ್ ಕಡೆಗೆ ಇಳಿದೆ. ಮಂಜಿನಿಂದ ಹೊರಬಂದ ಖುಷಿಗೆ ಕಾಲು ತಾನೇ ಓಡಿತು, ಕಣ್ಣು ಗುರುತು ನೋಡುವುದನ್ನು ಮರೆಯಿತು. ದೂರದ ಹಾದಿಗೆ ಬಿಳಿ-ಕೆಂಪು ಪಟ್ಟಿ, ಊರಿನ ಸುತ್ತಿನ ಹಾದಿಗೆ ಹಳದಿ, ತಪ್ಪು ದಾರಿಗೆ ಅದೇ ಬಣ್ಣದಲ್ಲಿ ಗುಣಾಕಾರದ ಚಿಹ್ನೆ. ಆ ಚಿಹ್ನೆಯನ್ನು ನಾನು ಕಂಡೂ ಕಾಣದೆ ದಾಟಿದ್ದೆ. ಮೊಣಕಾಲುದ್ದದ ಮುಳ್ಳಿನಲ್ಲಿ ದಾರಿ ಮುಗಿದಾಗ ಗೊತ್ತಾಯಿತು. ಫೋನಿಗೆ ಸಿಗ್ನಲ್ ಇಲ್ಲ. ಕೆಳಗೆ ನೀರಿನ ಸದ್ದು ಕೇಳುತ್ತಿತ್ತು, ನೇರ ಇಳಿದುಬಿಡೋಣ ಅನ್ನಿಸಿತು. ಹಳೆಯ ಗೋಡೆಗಳ ಕಾಡಿನಲ್ಲಿ ಹಾಗೆ ಇಳಿದರೆ ಎರಡಾಳು ಎತ್ತರದ ಗೋಡೆಯ ಅಂಚಿಗೆ ಬಂದು ನಿಲ್ಲಬೇಕಾಗುತ್ತದೆ ಎಂದು ಹಿಂದಿನ ರಾತ್ರಿ ಯಜಮಾನಿ ಹೇಳಿದ್ದು ನೆನಪಾಗಿ, ಬಂದ ದಾರಿಯನ್ನೇ ಹತ್ತಿದೆ. ಮುಕ್ಕಾಲು ಗಂಟೆ ಹೋಯಿತು. ಮನೆ ಸೇರಿದಾಗ ಮೀನಖಂಡದ ತುಂಬ ಮುಳ್ಳಿನ ಗೀರು. ಸಿಹಿ ಈರುಳ್ಳಿಯ ಟಾರ್ಟ್ ಮಾಡಿಟ್ಟಿದ್ದರು, ಮೂರು ತುಂಡು ತಿಂದೆ.

ಸೋಮವಾರ: ಲಾಸ್ಕ್ಲಿಯೆ ಕಣಿವೆದಾರಿ

ನಕ್ಷೆ ಹಳದಿ, ಸಂಜೆಗೆ ಮಳೆ. ಮಧ್ಯಾಹ್ನದೊಳಗೆ ಬೆಟ್ಟದ ಆಚೆ ಇಳಿಯುವ ಲೆಕ್ಕ ಹಾಕಿ ಬೆಳಕಾಗುತ್ತಲೇ ಹೊರಟೆ. ನೋತ್ರ್ ದಾಮ್ ದ ಲಾ ರೂವಿಯೇರ್ ಹಳ್ಳಿಯ ಮೇಲಿಂದ ಲಾಸ್ಕ್ಲಿಯೆ ಕಣಿವೆದಾರಿಗೆ ಹತ್ತಿ, ಆಚೆ ಲೇ ಪ್ಲಾಂಟಿಯೆ ಊರಿಗೆ ಇಳಿಯಬೇಕು. ಇಪ್ಪತ್ತು ಕಿಲೋಮೀಟರ್ ಆಸುಪಾಸು. ತೊಡೆ ಭಾನುವಾರದ್ದನ್ನು ಮರೆತಿರಲಿಲ್ಲ.

ಈ ಕಡೆಯ ಮೆಟ್ಟಿಲು ಹೊಲಗಳು ಇನ್ನೂ ಬದುಕಿವೆ. ಸೆವೆನ್‌ನ ಸಿಹಿ ಈರುಳ್ಳಿ ಬೆಳೆಯುವುದು ಇಲ್ಲೇ. ಸಸಿಯನ್ನು ಒಂದೊಂದಾಗಿ ಕೈಯಲ್ಲಿ ನೆಟ್ಟು, ಕೈಯಲ್ಲೇ ಕೀಳುತ್ತಾರೆ. ಕೊಯ್ಲು ಮುಗಿದು ಮಣ್ಣು ಬರಿದಾಗಿತ್ತು. ಒಂದು ಗೋಡೆಯ ಪಕ್ಕದಲ್ಲಿ ಸೈಪ್ರಸ್ ಮರದ ಕೆಳಗೆ ಮೂರು ಸಮಾಧಿ. ಈ ಬೆಟ್ಟಗಳ ಜನರಲ್ಲಿ ಹಲವರು ಪ್ರಾಟೆಸ್ಟಂಟ್ ಕ್ರೈಸ್ತರು. ಕ್ಯಾಥೊಲಿಕ್ ರಾಜರ ಕಾಲದಲ್ಲಿ ಅವರ ಧರ್ಮಕ್ಕೆ ನಿಷೇಧವಿತ್ತು, ಊರ ಸ್ಮಶಾನದಲ್ಲಿ ಜಾಗ ಕೊಡುತ್ತಿರಲಿಲ್ಲ. ಹಾಗಾಗಿ ತಮ್ಮವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡಿದರು. ಆ ರೂಢಿ ಆಮೇಲೂ ಉಳಿಯಿತು. ನಮ್ಮ ತಾತನ ಸಮಾಧಿಯೂ ಹೊಲದ ಬದುವಿನ ಮೇಲೇ ಇದೆ. ಅಲ್ಲಿ ಓಡಲು ಮನಸ್ಸಾಗಲಿಲ್ಲ, ದಾಟುವ ತನಕ ನಡೆದೆ.

ಕಣಿವೆದಾರಿಯ ನೆತ್ತಿಯಲ್ಲಿ, 905 ಮೀಟರ್ ಎತ್ತರದಲ್ಲಿ, ಡಾಂಬರು ರಸ್ತೆಯ ಮೇಲೆ ಅಡ್ಡಲಾಗಿ ಒಂದು ಕಲ್ಲಿನ ಕಮಾನು ಸೇತುವೆ ಇದೆ. ಕುರಿಮಂದೆ ಬೇಸಗೆಯ ಹುಲ್ಲುಗಾವಲಿಗೆ ಹೋಗುವಾಗ ರಸ್ತೆ ಮುಟ್ಟದೆ ದಾಟಲಿ ಅಂತ ಕಟ್ಟಿದ್ದು. ಸೇತುವೆಯ ಮೇಲೆ ನಿಂತಾಗ ಫೋನು ಜೀವ ಪಡೆಯಿತು. ಅಮ್ಮನಿಗೆ ಮಾಡಿದೆ, ಊರಲ್ಲಿ ಆಗ ಮಧ್ಯಾಹ್ನ ಎರಡೂವರೆ.

“ಎಲ್ಲಿದ್ದೀಯೇ, ಅಷ್ಟು ಗಾಳಿ ಸದ್ದು?”

ಬೆಟ್ಟದ ಮೇಲೆ, ಇಲ್ಲಿ ಮನೆ ಮನೆಯಲ್ಲೂ ಹುಳ ಸಾಕುತ್ತಿದ್ದರಂತೆ ಅಮ್ಮಾ, ಎಂದೆ.

“ಈಗ?”

“ಈಗ ಬಿಟ್ಟಿದ್ದಾರೆ.”

“ಯಾಕಂತೆ? ರೇಟು ಬಿತ್ತಾ, ರೋಗ ಬಂತಾ?”

ಎರಡೂ ಅಮ್ಮಾ. ಅವಳು ಇನ್ನೇನೂ ಕೇಳಲಿಲ್ಲ. ಮಳೆ ಬರುವ ಮೊದಲು ಇಳಿ ಅಂದಳು.

ಇಳಿಯುವ ಮೊದಲೇ ಬಂತು. ಹನ್ನೊಂದೂವರೆಗೆ ಮೊದಲ ಹನಿ, ಹದಿನೈದು ನಿಮಿಷದಲ್ಲಿ ದಾರಿಯೇ ತೊರೆ. ಎರಡು ಸಲ ಜಾರಿ ಬಿದ್ದೆ, ಎರಡನೇ ಸಲ ಮೊಣಕೈ ಒಡೆಯಿತು. ಲೇ ಪ್ಲಾಂಟಿಯೆ ಸೇರುವ ಹೊತ್ತಿಗೆ ನಡುಕ ಹತ್ತಿತ್ತು. ಸೇಂ-ಜಾಂ-ದ್ಯು-ಗಾರ್ ತನಕ ರಸ್ತೆ ಇನ್ನೂ ಉದ್ದಕ್ಕೆ ಬಿದ್ದಿತ್ತು. ಮನೆಯೊಂದರ ಜಗುಲಿಯ ಕೆಳಗೆ ನಿಂತಿದ್ದಾಗ ಹಳೆಯ ಬಿಳಿ ವ್ಯಾನು ನಿಂತಿತು. ಎಪ್ಪತ್ತು ದಾಟಿದ ರೈತರು. ಹಿಂದೆ ಮೇಕೆಗೆ ಹುಲ್ಲಿನ ಪಿಂಡಿ, ಮುಂದೆ ನಾಯಿ. ನಾಯಿಯನ್ನು ಹಿಂದಕ್ಕೆ ಕಳಿಸಿ ನನ್ನನ್ನು ಕೂರಿಸಿಕೊಂಡರು, ತಮ್ಮ ಉಣ್ಣೆಯ ಕೋಟನ್ನೂ ಕೊಟ್ಟರು.

ಗಾರ್ದೋಂ ನದಿಯ ಪಕ್ಕದ ಆ ರಸ್ತೆಯಲ್ಲಿ ಅವರು ಹೇಳಿದ್ದನ್ನು ನಾನು ಬಹುಕಾಲ ಮರೆಯಲಾರೆ. ಅವರ ಅಜ್ಜಿ ರೇಷ್ಮೆ ಮೊಟ್ಟೆಯನ್ನು ಪುಟ್ಟ ಬಟ್ಟೆಚೀಲದಲ್ಲಿ ಕಟ್ಟಿ ಲಂಗದ ಒಳಗೆ ಮೈಶಾಖಕ್ಕೆ ಇಟ್ಟುಕೊಂಡು ಮರಿ ಮಾಡಿಸುತ್ತಿದ್ದರಂತೆ. ಹತ್ತು ದಿನ ಜೋರಾಗಿ ನಡೆಯುವ ಹಾಗಿಲ್ಲ. ಮೊಟ್ಟೆಗೆ ಇಲ್ಲಿನವರು ‘ಗ್ರೇನ್’ ಅನ್ನುತ್ತಾರೆ, ಅಂದರೆ ಬೀಜ. ನಮ್ಮ ಕಡೆಯೂ ಅದು ಬಿತ್ತನೆಯೇ. ಸರ್ಕಾರಿ ಬಿತ್ತನೆ ಕೋಠಿಯ ಬೋರ್ಡಿನ ಮೇಲಿನ ‘ಗ್ರೈನೇಜ್’ ಎಂಬ ಪದ ಎಲ್ಲಿಂದ ಬಂತೆಂದು ನನಗೆ ಆ ವ್ಯಾನಿನಲ್ಲಿ ಹೊಳೆಯಿತು.

“ಪೆಬ್ರಿನ್ ಗೊತ್ತಾ ನಿಮಗೆ?” ಎಂದರು.

ಗೊತ್ತಾ ಅಂದರೆ! ಗಂಟು ರೋಗ. ಅಪ್ಪನ ಬಾಯಲ್ಲಿ ಪೆಬ್ರಿನ್ ಎಂಬ ಹೆಸರು ಬಂದರೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅದು ಇಲ್ಲಿನ ಮಾತು, ‘ಪೆಬ್ರೆ’ ಎಂದರೆ ಮೆಣಸು. ಹುಳದ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕಿ ಏಳುತ್ತದಲ್ಲ, ಅದಕ್ಕೆ. ಫ್ಲಾಚರಿ, ಗ್ರಾಸರಿ, ಮಸ್ಕರ್ಡಿನ್ ಎಂದು ಹುಳದ ಉಳಿದ ರೋಗಗಳನ್ನೂ ನಾನು ಒಂದೊಂದೇ ಹೇಳಿದೆ. ಒಂದೊಂದಕ್ಕೂ ಅವರು ತಲೆ ಆಡಿಸುತ್ತಾ ನನ್ನ ಉಚ್ಚಾರ ತಿದ್ದಿದರು. ಬಾಲ್ಯದಿಂದ ಇಂಗ್ಲಿಷ್ ಎಂದುಕೊಂಡಿದ್ದ ಪದಗಳು ಫ್ರೆಂಚ್ ನಾಡಿನವು.

ಮಂಗಳವಾರ: ಸೇಂ-ಜಾಂ-ದ್ಯು-ಗಾರ್

ರಾತ್ರಿಯಿಡೀ ಸುರಿದ ಮಳೆ ಬೆಳಗ್ಗೆ ನಿಂತಿತ್ತು, ನದಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಓಡುವ ದಿನವಲ್ಲ. ಮಂಗಳವಾರ ಇಲ್ಲಿ ಸಂತೆ. ಪೆಲಾರ್ದೋಂ ಎಂಬ ಅಂಗೈಯಷ್ಟಗಲದ ಮೇಕೆ ಹಾಲಿನ ಚೀಸು, ಚೆಸ್ಟ್‌ನಟ್ ಹಿಟ್ಟು, ಜೇನು. ಚೀಸಿನ ಮೇಲೆ ಚೆಸ್ಟ್‌ನಟ್ ಹೂವಿನ ಕಪ್ಪು ಜೇನು ಸುರಿದು ತಿನ್ನಲು ಕೊಟ್ಟರು. ಕಹಿ, ಹುಳಿ, ಸಿಹಿ ಮೂರೂ ಒಟ್ಟಿಗೆ.

ನದಿಯ ಪಕ್ಕದ ಮೇಜೋಂ ರೂಜ್ ಹತ್ತೊಂಬತ್ತನೇ ಶತಮಾನದ ರೇಷ್ಮೆ ನೂಲು ಗಿರಣಿ. ಫ್ರಾನ್ಸಿನಲ್ಲಿ ಎಲ್ಲಕ್ಕಿಂತ ಕೊನೆಗೆ ಮುಚ್ಚಿದ ಗಿರಣಿಗಳಲ್ಲಿ ಒಂದು, 1960ರ ದಶಕದವರೆಗೂ ನಡೆಯಿತು. ಈಗ ವಸ್ತುಸಂಗ್ರಹಾಲಯ. ತಟ್ಟೆಗಳು, ಗೂಡು, ನೂಲು ಬಿಚ್ಚುವ ಹೊಂಡ. ಹಣ್ಣಾದ ಹುಳ ಹತ್ತಿ ಗೂಡು ಕಟ್ಟಲು ನಮ್ಮಲ್ಲಿ ಬಿದಿರಿನ ಚಂದ್ರಿಕೆ. ಇಲ್ಲಿ ಬ್ರುಯೇರ್ ಎಂಬ ಕಾಡುಪೊದೆಯ ಕಡ್ಡಿಗಳನ್ನು ಕಮಾನಿನಂತೆ ಕಟ್ಟುತ್ತಿದ್ದರು. ಎಲ್ಲವೂ ಇತ್ತು, ವಾಸನೆ ಮಾತ್ರ ಇರಲಿಲ್ಲ. ಶಿಡ್ಲಘಟ್ಟದ ಬೀದಿಯಲ್ಲಿ ಕಣ್ಣು ಮುಚ್ಚಿ ನಡೆದರೂ ಬೆಂದ ಹುಳದ ವಾಸನೆಯಿಂದಲೇ ನೂಲು ಬಿಚ್ಚುವ ಮನೆ ಯಾವುದೆಂದು ಹೇಳಬಹುದು.

1853ರಲ್ಲಿ ಫ್ರಾನ್ಸಿನ ಗೂಡಿನ ಬೆಳೆ 26,000 ಟನ್. ಪೆಬ್ರಿನ್ ಹಬ್ಬಿ 1865ಕ್ಕೆ ಅದು 4,000ಕ್ಕೆ ಇಳಿಯಿತು. ಆ ವರ್ಷವೇ ಲೂಯಿ ಪಾಶ್ಚರ್ ಹತ್ತಿರದ ಅಲೆಸ್ ಪಟ್ಟಣಕ್ಕೆ ಬಂದರು. ಹುಳದ ವಿಷಯ ಏನೂ ತಿಳಿಯದವರು ಕೆಲವು ವರ್ಷ ಅದರ ಹಿಂದೆ ಬಿದ್ದು, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಆ ಮೊಟ್ಟೆಗಳನ್ನು ನಾಶಮಾಡುವ ಕ್ರಮ ಕಂಡುಹಿಡಿದರು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ಮಾಡುವುದು ಅದನ್ನೇ. ಸೆವೆನ್‌ಗೆ ಮಾತ್ರ ಅದು ಪೂರ್ತಿ ಒದಗಲಿಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಏಷ್ಯಾದ ಅಗ್ಗದ ರೇಷ್ಮೆ ಬಂತು, ಆಮೇಲೆ ಕೃತಕ ನೂಲು. ಅಪ್ಪ ಹುಳ ಬಿಟ್ಟು ಏಳು ವರ್ಷವಾಯಿತು, ನಮ್ಮ ಅರ್ಧ ತೋಟದಲ್ಲಿ ಈಗ ನೀಲಗಿರಿ. ಗಾಜಿನ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದೆ.

ಮಧ್ಯಾಹ್ನ ಅಲೆಸ್ ಬಸ್ಸಿಗೆ ಕಾಯುವಾಗ ನಿಲ್ದಾಣದ ಹಿಂದೆ ಒಂದು ಮರ ಕಂಡಿತು. ದಪ್ಪ ಕಾಂಡ, ಗಂಟುಗಂಟು ತಲೆ, ಎಷ್ಟೋ ವರ್ಷದಿಂದ ಯಾರೂ ಸವರಿಲ್ಲ. ಹಿಪ್ಪುನೇರಳೆ. ಒಂದು ಎಲೆ ಕಿತ್ತು, ಅಂಗೈ ಮೇಲಿಟ್ಟು ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಬಸ್ಸು ಹತ್ತಿ ಕೂರುವಷ್ಟರಲ್ಲಿ ಅವಳ ದನಿ ಬಂತು:

“ಸೊಪ್ಪು ಬಲಿತುಬಿಟ್ಟಿದೆ ಕಣೇ. ಚಾಕಿಯ ಎಳೆ ಹುಳಕ್ಕೆ ಆಗಲ್ಲ. ನಾಲ್ಕನೇ ಜ್ವರ ಎದ್ದು ಪೊರೆ ಬಿಟ್ಟ ದೊಡ್ಡ ಹುಳಕ್ಕಾದರೆ ಹಾಕಬಹುದು. ಒದ್ದೆ ಇದೆ, ಆರಿಸಿ ಹಾಕಬೇಕು.”